ಲೋಕಲ್ ಮೆಶ್ ರಿಫೈನ್‌ಮೆಂಟ್: ಯಾವ ದಾರಿ ಯಾವಾಗ?

ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ವಸ್ತುವನ್ನು ಎಲಿಮೆಂಟ್ ಅನ್ನುವ ಸಣ್ಣ ತುಂಡುಗಳಾಗಿ ಒಡೆದು ಸ್ಟ್ರೆಸ್ ಲೆಕ್ಕ ಹಾಕುತ್ತೇವೆ; ಆ ತುಂಡುಗಳ ಬಲೆಯೇ ಮೆಶ್, ಅದನ್ನು ಸಣ್ಣದು ಮಾಡುವುದೇ ರಿಫೈನ್‌ಮೆಂಟ್. 3ಡಿ ಮಾಡೆಲ್‌ನಲ್ಲಿ ಎಲಿಮೆಂಟ್ ಸೈಜ್ ಅರ್ಧಕ್ಕೆ ಇಳಿಸಿದರೆ ಎಲಿಮೆಂಟ್‌ಗಳು 8 ಪಟ್ಟು ಆಗುತ್ತವೆ. ಸಮೀಕರಣಗಳನ್ನು ನೇರವಾಗಿ ಬಿಡಿಸುವ ಡೈರೆಕ್ಟ್ ಸಾಲ್ವರ್ ಆದರೆ ಲೆಕ್ಕದ ಹೊರೆ ಹೆಚ್ಚುಕಮ್ಮಿ 64 ಪಟ್ಟು, ಮೆಮೊರಿ 16 ಪಟ್ಟು. ಹಾಗಾಗಿ ಇಡೀ ಮಾಡೆಲ್‌ಗೆ ಸಣ್ಣ ಮೆಶ್ ಹಾಕುವುದು ಆಗದ ಮಾತು. ಬೇಕಾದ ಕಡೆ ಸಣ್ಣದು, ಉಳಿದ ಕಡೆ ದೊಡ್ಡದು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ "ಬೇಕಾದ ಕಡೆ" ಎಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ಹೇಳುವ ದಾರಿಗಳು ಹಲವು ಇವೆ. ತಪ್ಪು ದಾರಿ ಹಿಡಿದರೆ ಗಂಟೆಗಟ್ಟಲೆ ಸಮಯ ಹೋಗುತ್ತದೆ, ಉತ್ತರವೂ ತಪ್ಪಾಗಿರುತ್ತದೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ಟ್ರೆಸ್ ಎಲ್ಲಿ ಏರುತ್ತದೆ ಅಂತ ನಿಮಗೆ ಗೊತ್ತಿದ್ದರೆ ಸೈಜ್ ಫೀಲ್ಡ್ (ಯಾವ ಜಾಗದಲ್ಲಿ ಎಷ್ಟು ಸೈಜ್ ಅಂತ ಹೇಳುವ ಫಂಕ್ಷನ್) ಬಳಸಿ. ಗೊತ್ತಿಲ್ಲದಿದ್ದರೆ ಅಡಾಪ್ಟಿವ್ ರಿಫೈನ್‌ಮೆಂಟ್‌ಗೆ (ಎಲ್ಲಿ ಸಣ್ಣದು ಬೇಕು ಅಂತ ಸಾಫ್ಟ್‌ವೇರೇ ಹುಡುಕುವ ದಾರಿ) ಬಿಡಿ, ಆದರೆ ಚೂಪು ಮೂಲೆಗಳನ್ನು ಅದರ ಕೈಗೆ ಕೊಡಬೇಡಿ. ಅಸೆಂಬ್ಲಿ ತುಂಬಾ ದೊಡ್ಡದಿದ್ದು ನಿಮಗೆ ಬೇಕಾದ್ದು ಒಂದೇ ಜಾಗವಾದರೆ ಆ ತುಂಡನ್ನು ಮಾತ್ರ ಕತ್ತರಿಸಿ ಸಬ್‌ಮಾಡೆಲ್ ಮಾಡಿ. ಇರುವ ಮೆಶ್ಶನ್ನೇ ಕತ್ತರಿಸುವ "ರಿಫೈನ್" ಬಟನ್ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಯಾಕೆ ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆ: ತೂತಿರುವ ತಟ್ಟೆ

200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ತೆಳು ಉಕ್ಕಿನ ತಟ್ಟೆ. ನಡುವೆ 10 ಮಿ.ಮೀ. ವ್ಯಾಸದ ತೂತು. ಉದ್ದಕ್ಕೆ ಎಳೆಯುತ್ತಿದ್ದೇವೆ. ಕಾಲೇಜಿನಲ್ಲಿ ಎಲ್ಲರೂ ಮಾಡಿರುವ ಲೆಕ್ಕ ಇದು, ಅಲ್ವಾ? ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಜರ್ಮನಿಯ ಕಿರ್ಶ್ 1898ರಲ್ಲೇ ಇದರ ಉತ್ತರ ಕೊಟ್ಟಿದ್ದಾನೆ. ಹಾಗಾಗಿ ನಮ್ಮ ಮೆಶ್ ಎಷ್ಟು ಸುಳ್ಳು ಹೇಳುತ್ತಿದೆ ಅಂತ ಗೊತ್ತಾಗುತ್ತದೆ.

ತಟ್ಟೆ ಅನಂತ ಅಗಲ ಇದ್ದರೆ ತೂತಿನ ಅಂಚಿನಲ್ಲಿ ಸ್ಟ್ರೆಸ್ ತುದಿಯಲ್ಲಿ ಎಳೆಯುವ ಸ್ಟ್ರೆಸ್‌ನ 3 ಪಟ್ಟು. ಕೇಂದ್ರದಿಂದ ತ್ರಿಜ್ಯದ ಒಂದೂವರೆ ಪಟ್ಟು ದೂರ ಹೋದರೆ 1.52 ಪಟ್ಟು. ಎರಡು ಪಟ್ಟು ದೂರದಲ್ಲಿ 1.22. ಮೂರು ಪಟ್ಟು ದೂರದಲ್ಲಿ 1.07. ಅಂದರೆ ಗಲಾಟೆಯೆಲ್ಲ ಅಂಚಿನಿಂದ ಒಂದು ತ್ರಿಜ್ಯದೊಳಗೆ ಮುಗಿಯುತ್ತದೆ. ಇಲ್ಲಿ ಅದು 5 ಮಿ.ಮೀ. ರಿಫೈನ್ ಮಾಡಬೇಕಾದ ಜಾಗದ ಅಗಲವೂ ಅಷ್ಟೇ. ಇಷ್ಟು ಲೆಕ್ಕ ಹಾಕದೆ ಸುಮ್ನೆ ತೂತಿನ ಸುತ್ತ ದೊಡ್ಡ ಚೌಕ ಬರೆದು ಅದನ್ನೆಲ್ಲ ಸಣ್ಣ ಮೆಶ್ ಮಾಡುವವರು ಬಹಳ ಜನ.

ಎಷ್ಟು ಸಣ್ಣದು ಬೇಕು ಅನ್ನುವುದೂ ಇದೇ ಸೂತ್ರದಲ್ಲಿದೆ. ಅಂಚಿನಿಂದ 1 ಮಿ.ಮೀ. ಒಳಗೆ ಹೋಗುವಷ್ಟರಲ್ಲಿ ಸ್ಟ್ರೆಸ್ 3ರಿಂದ 2.07ಕ್ಕೆ ಬೀಳುತ್ತದೆ. ಈಗ ಅಲ್ಲಿ 1 ಮಿ.ಮೀ. ಅಗಲದ, ಒಳಗೆಲ್ಲ ಒಂದೇ ಸ್ಟ್ರೆಸ್ ತೋರಿಸುವ ಲೀನಿಯರ್ ಎಲಿಮೆಂಟ್ ಇಟ್ಟರೆ ಅದು ಹೆಚ್ಚುಕಮ್ಮಿ ತನ್ನ ನಡುವಿನ ಬೆಲೆಯನ್ನು ಹೇಳುತ್ತದೆ. ಅದು 2.44. ಅಂದರೆ ಸುಮಾರು 19% ಕಡಿಮೆ. ಸೈಜ್ ಕಾಲು ಮಿ.ಮೀ.ಗೆ ಇಳಿಸಿದರೂ 2.83 ಮಾತ್ರ. ಎಂಟು ನೋಡ್‌ನ (ನೋಡ್ ಅಂದರೆ ಎಲಿಮೆಂಟ್‌ನ ಮೂಲೆಯ ಅಥವಾ ಬದಿಯ ನಡುವಿನ ಬಿಂದು) ಕ್ವಾಡ್ರಾಟಿಕ್ ಎಲಿಮೆಂಟ್ ಆದರೆ ಸ್ಟ್ರೆಸ್ ತನ್ನೊಳಗೇ ಬದಲಾಗಲು ಬಿಡುತ್ತದೆ, 1 ಮಿ.ಮೀ. ಸೈಜಿಗೇ ಕೆಲಸ ನಡೆಯುತ್ತದೆ. ಹಾಗಾಗಿ ರಿಫೈನ್‌ಮೆಂಟ್ ಮೆನು ತೆರೆಯುವ ಮೊದಲು ಎಲಿಮೆಂಟ್ ಆರ್ಡರ್ (ಲೀನಿಯರೋ ಕ್ವಾಡ್ರಾಟಿಕ್ಕೋ) ನೋಡಿಕೊಳ್ಳಿ. ಎಷ್ಟೋ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಇಡೀ ತಟ್ಟೆಗೆ 1 ಮಿ.ಮೀ. ಚೌಕ ಎಲಿಮೆಂಟ್ ಹಾಕಿದರೆ 20,000 ಬೇಕು. ತೂತಿನ ಸುತ್ತ 5 ಮಿ.ಮೀ. ಮಾತ್ರ 1 ಮಿ.ಮೀ. ಇಟ್ಟು, ಅಲ್ಲಿಂದ 40 ಮಿ.ಮೀ. ದೂರದ ಹೊತ್ತಿಗೆ ನಿಧಾನವಾಗಿ 8 ಮಿ.ಮೀ.ಗೆ ಏರಿಸಿದರೆ ಸುಮಾರು 900 ಸಾಕು. ಈ 900ರ ಮೆಶ್ಶನ್ನು ಹೇಗೆ ಪಡೆಯುವುದು? ದಾರಿಗಳು ಬೇರೆಯಾಗುವುದು ಇಲ್ಲಿಂದ.

ಜ್ಯಾಮಿತಿಗೆ ಸೈಜ್ ಅಂಟಿಸುವುದು

ಹಳೆಯ, ಎಲ್ಲ ಕಡೆ ಸಿಗುವ ದಾರಿ. ಅಬಾಕಸ್ ಸಾಫ್ಟ್‌ವೇರ್‌ನಲ್ಲಿ ಎಡ್ಜ್ ಮೇಲೆ ಸೀಡ್ (ಅಲ್ಲಿ ಎಷ್ಟು ಎಲಿಮೆಂಟ್ ಬೇಕು ಅನ್ನುವ ಗುರುತು) ಹಾಕುತ್ತೇವೆ. ಆನ್ಸಿಸ್ ಮೆಕ್ಯಾನಿಕಲ್‌ನಲ್ಲಿ ಎಡ್ಜ್ ಸೈಜಿಂಗ್, ಫೇಸ್ ಸೈಜಿಂಗ್. ಕಾಮ್ಸಾಲ್‌ನಲ್ಲಿ ಒಂದು ಸೈಜ್ ನೋಡ್ ಸೇರಿಸಿ ಅದಕ್ಕೆ ಬೌಂಡರಿ ಆರಿಸುತ್ತೇವೆ. ಫ್ರೀಕ್ಯಾಡ್‌ನಲ್ಲೂ ಹೀಗೇ: ಅಂಚನ್ನೋ ಮುಖವನ್ನೋ ಆರಿಸಿ ಅದಕ್ಕೊಂದು ಸೈಜ್ ಕೊಟ್ಟರೆ ಹಿಂದೆ ಕೂತಿರುವ, ಮೆಶ್ ಮಾಡುವ ಪ್ರೋಗ್ರಾಂ ಜಿಮೆಶ್ ನೋಡಿಕೊಳ್ಳುತ್ತದೆ.

ಒಳ್ಳೆಯದೇನೆಂದರೆ ಏನು ಹೇಳಿದಿರೋ ಅದು ಕಣ್ಣಿಗೆ ಕಾಣುತ್ತದೆ. ತೂತಿನ ಅಂಚಿನಲ್ಲಿ 32 ಎಲಿಮೆಂಟ್ ಅಂದರೆ 32. ಹೆಕ್ಸ್ ಮೆಶ್ (ಇಟ್ಟಿಗೆಯಾಕಾರದ ಎಲಿಮೆಂಟ್‌ಗಳದ್ದು) ಬೇಕಿದ್ದರೆ, ಸಾಲು ಸಾಲಾಗಿ ಬಯಾಸ್ (ಒಂದು ತುದಿಗೆ ಹೋದಂತೆ ಸಣ್ಣದಾಗುವ ಹಂಚಿಕೆ) ಕೊಟ್ಟು ಜೋಡಿಸಬೇಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೆಂಗಳೂರಿನ ಸಿಎಇ (ಕಂಪ್ಯೂಟರ್ ಮೂಲಕ ಎಂಜಿನಿಯರಿಂಗ್ ಲೆಕ್ಕ) ಸರ್ವಿಸ್ ಕಂಪನಿಗಳಲ್ಲಿ ಹೈಪರ್‌ಮೆಶ್ ಹಿಡಿದು ಕೂತವರು ಬೋಲ್ಟ್ ತೂತಿನ ಸುತ್ತ "ವಾಷರ್" ಅಂತ ಉಂಗುರ ಎಳೆಯುತ್ತಾರಲ್ಲ, ಅದೂ ಈ ಜಾತಿಯದ್ದೇ. ತೆಳು ಹಾಳೆಯಂಥ ಭಾಗಗಳ ಶೆಲ್ ಮೆಶ್‌ಗೆ ಅದು ಇವತ್ತಿಗೂ ಅಚ್ಚುಕಟ್ಟಾದ ಕೆಲಸ.

ತೊಂದರೆ ಎರಡು. ಒಂದು, ಸೈಜ್ ಇರುವುದು ಅಂಚಿನ ಮೇಲೆ ಮಾತ್ರ. ಅಂಚು ಬಿಟ್ಟು ಒಳಗೆ ಹೋದಂತೆ ಎಷ್ಟು ಬೇಗ ದೊಡ್ಡದಾಗಬೇಕು ಅನ್ನುವುದನ್ನು ಗ್ರೋತ್ ರೇಟ್ (ಮುಂದಿನ ಎಲಿಮೆಂಟ್ ಹಿಂದಿನದರ ಎಷ್ಟು ಪಟ್ಟು ಅನ್ನುವ ಅಂಕಿ) ನಿರ್ಧರಿಸುತ್ತದೆ. ನಮಗೆ 5 ಮಿ.ಮೀ.ವರೆಗೆ ಸಣ್ಣದೇ ಬೇಕು ಅಂದರೆ ಆ ದೂರದಲ್ಲಿ ಇನ್ನೊಂದು ವೃತ್ತ ಬರೆದು ತಟ್ಟೆಯನ್ನು ಪಾರ್ಟಿಷನ್ ಮಾಡಬೇಕು, ಅಂದರೆ ಭಾಗಗಳಾಗಿ ವಿಂಗಡಿಸಬೇಕು. ಇಂಥ ತೂತು 40 ಇದ್ದರೆ 40 ಪಾರ್ಟಿಷನ್. ಎರಡು, ಡಿಸೈನ್‌ನವರು ಹೊಸ ಕ್ಯಾಡ್ ಫೈಲ್ ಕಳಿಸಿದ ದಿನ ಎಡ್ಜ್‌ಗಳ ನಂಬರ್ ಬದಲಾಗಬಹುದು. ಆಗ ಹಾಕಿದ ಸೀಡ್ ಎಲ್ಲ ಮತ್ತೆ ಹಾಕಬೇಕು.

ಇನ್ನೊಂದು ಸಣ್ಣ ಸೆಟ್ಟಿಂಗ್ ಇದೆ, ಅದನ್ನು ಯಾರೂ ನೋಡುವುದಿಲ್ಲ. ಆನ್ಸಿಸ್‌ನಲ್ಲಿ ಸೈಜಿಂಗ್‌ಗೆ ಸಾಫ್ಟ್, ಹಾರ್ಡ್ ಅಂತ ಎರಡು ನಡವಳಿಕೆ. ಸಾಫ್ಟ್ ಇದ್ದರೆ ನಿಮ್ಮ ಅಂಕಿಯನ್ನು ಕರ್ವೇಚರ್ (ಬಾಗು), ಪ್ರಾಕ್ಸಿಮಿಟಿ (ಮುಖಗಳ ನಡುವಿನ ಅಂತರ) ಮುಂತಾದ ಗ್ಲೋಬಲ್ ಸೆಟ್ಟಿಂಗ್‌ಗಳು ಮೀರಬಹುದು. ಹಾರ್ಡ್ ಇದ್ದರೆ ನಿಮ್ಮದೇ ನಡೆಯುತ್ತದೆ. ಅಬಾಕಸ್‌ನಲ್ಲೂ ಸೀಡ್‌ಗೆ ಇದೇ ತರಹ ಮೂರು ಆಯ್ಕೆ: ಸಂಖ್ಯೆ ಹೆಚ್ಚು ಕಡಿಮೆ ಎರಡೂ ಆಗಬಹುದು, ಹೆಚ್ಚು ಮಾತ್ರ ಆಗಬಹುದು, ಬದಲಾಗಲೇಬಾರದು. ಎಲ್ಲವನ್ನೂ ಹಾರ್ಡ್ ಮಾಡಿಟ್ಟರೆ ಪಕ್ಕಪಕ್ಕದ ಎರಡು ಅಂಚಿನಲ್ಲಿ ಸೈಜ್ ಹೊಂದದೆ ಮೆಶ್ ಫೇಲ್ ಆಗುತ್ತದೆ ಅಥವಾ ಸೊಟ್ಟ ಎಲಿಮೆಂಟ್ ಬರುತ್ತವೆ. ನಿಜಕ್ಕೂ ಮುಖ್ಯವಾದ ಒಂದೆರಡು ಅಂಚಿಗೆ ಮಾತ್ರ ಹಾರ್ಡ್ ಇಡಿ.

ಸೈಜ್ ಫೀಲ್ಡ್

ಇಲ್ಲಿ ಸೈಜ್ ಅಂಚಿಗೆ ಅಂಟಿರುವುದಿಲ್ಲ. ಜಾಗಕ್ಕೆ ಅಂಟಿರುತ್ತದೆ. "ಈ ಬಿಂದುವಿನಲ್ಲಿ ಎಲಿಮೆಂಟ್ ಎಷ್ಟು ದೊಡ್ಡದಿರಬೇಕು" ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಒಂದು ಫಂಕ್ಷನ್ ಅಷ್ಟೇ. ಆನ್ಸಿಸ್‌ನಲ್ಲಿ ಸ್ಫಿಯರ್ ಆಫ್ ಇನ್‌ಫ್ಲುಯೆನ್ಸ್ ಇದರ ಸರಳ ರೂಪ: ಕೇಂದ್ರ, ತ್ರಿಜ್ಯ, ಸೈಜ್. ಬಾಡಿ ಆಫ್ ಇನ್‌ಫ್ಲುಯೆನ್ಸ್ ಅಂದರೆ ಗೋಳದ ಬದಲು ಬೇಕಾದ ಆಕಾರದ ಒಂದು ಬಾಡಿ. ಅದಕ್ಕೆ ಮೆಶ್ ಆಗುವುದಿಲ್ಲ, ಅದರ ಒಳಗೆ ಬಿದ್ದ ಜಾಗದ ಮೆಶ್ ಸಣ್ಣದಾಗುತ್ತದೆ. ಕಾಮ್ಸಾಲ್‌ನಲ್ಲಿ ಸೈಜ್ ಎಕ್ಸ್‌ಪ್ರೆಶನ್ ಬರೆಯಬಹುದು.

ಈ ದಾರಿಯನ್ನು ಚೆನ್ನಾಗಿ ಕಲಿಯಬೇಕಿದ್ದರೆ ಜಿಮೆಶ್ ಹಿಡಿಯಿರಿ. ಬೆಲ್ಜಿಯಂನ ಕ್ರಿಸ್ಟೋಫ್ ಗೋಝೇನ್ ಮತ್ತು ಜಾನ್-ಫ್ರಾಂಸ್ವಾ ರೆಮಾಕ್ಲ್ ಕಟ್ಟಿದ್ದು, ಉಚಿತ. ನಮ್ಮ ತಟ್ಟೆಗೆ ಎರಡು ಫೀಲ್ಡ್ ಸಾಕು. ಮೊದಲನೆಯದು ಡಿಸ್ಟನ್ಸ್: ತೂತಿನ ಅಂಚಿನಿಂದ ದೂರ ಅಳೆಯುತ್ತದೆ. ಎರಡನೆಯದು ಥ್ರೆಶೋಲ್ಡ್: ಆ ದೂರವನ್ನು ಸೈಜ್ ಆಗಿ ಬದಲಿಸುತ್ತದೆ. ಸೈಜ್ ಮಿನ್ 1, ಸೈಜ್ ಮ್ಯಾಕ್ಸ್ 8, ಡಿಸ್ಟ್ ಮಿನ್ 5, ಡಿಸ್ಟ್ ಮ್ಯಾಕ್ಸ್ 40. ನಾಲ್ಕೇ ಅಂಕಿ. ಪಾರ್ಟಿಷನ್ ಬೇಡ. ತೂತು 40 ಇದ್ದರೂ ಡಿಸ್ಟನ್ಸ್‌ಗೆ ಕೊಡುವ ಪಟ್ಟಿ ಉದ್ದವಾಗುತ್ತದೆ ಅಷ್ಟೇ.

5 ಮತ್ತು 1 ಎಲ್ಲಿಂದ ಬಂತು ಅಂತ ಕಿರ್ಶ್ ಲೆಕ್ಕದಲ್ಲಿ ನೋಡಿದೆವು. 40 ಎಲ್ಲಿಂದ? ಸೈಜ್ 1ರಿಂದ 8ಕ್ಕೆ ಏರುವುದು 7. ದೂರ 5ರಿಂದ 40ಕ್ಕೆ ಹೋಗುವುದು 35. ಭಾಗಿಸಿದರೆ 0.2. ಒಂದು ಎಲಿಮೆಂಟ್ ದಾಟಿದಾಗ ಮುಂದಿನದು ಅದಕ್ಕಿಂತ 20% ದೊಡ್ಡದು, ಅಂದರೆ ಗ್ರೋತ್ ರೇಟ್ 1.2. ಬೇರೆ ಸಾಫ್ಟ್‌ವೇರ್‌ಗಳಲ್ಲಿ ನೀವು ಬರೆಯುವ ಅದೇ ಗ್ರೋತ್ ರೇಟ್ ಇಲ್ಲಿ ಇಳಿಜಾರಿನ ರೂಪದಲ್ಲಿದೆ. ಸ್ಟ್ರೆಸ್ ಮುಖ್ಯವಾದ ಕಡೆ ನಾನು 1.3 ದಾಟಿಸುವುದಿಲ್ಲ. ಡಿಸ್ಟ್ ಮ್ಯಾಕ್ಸ್ 10 ಅಂತ ಕೊಟ್ಟು ನೋಡಿ: 5 ಮಿ.ಮೀ. ಜಾಗದಲ್ಲಿ ಸೈಜ್ 1ರಿಂದ 8ಕ್ಕೆ ಹಾರಬೇಕು. ಅಲ್ಲಿ ಬರುವ ಎಲಿಮೆಂಟ್‌ಗಳ ಆಕಾರ ನೋಡಿದರೆ ಸಾಕು.

ಜಿಮೆಶ್‌ನಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಫೀಲ್ಡ್ ಬರೆದು ಮೆಶ್ ಮಾಡಿದ ಮೇಲೆ ನೋಡಿದರೆ ಎಲ್ಲ ಕಡೆ ಬೇಡದಷ್ಟು ಸಣ್ಣ ಮೆಶ್. ಫೀಲ್ಡ್ ಕೆಲಸ ಮಾಡಿಲ್ಲ ಅಂತ ಅಂಕಿ ಬದಲಿಸುತ್ತಾ ಕೂರುತ್ತಾರೆ. ನಿಜವಾಗಿ ಆಗಿರುವುದು ಬೇರೆ. ಬಿಂದುಗಳಿಗೆ ಕೊಟ್ಟ ಸೈಜ್, ಕರ್ವೇಚರ್‌ನಿಂದ ಬರುವ ಸೈಜ್, ಅಂಚಿನಿಂದ ಒಳಗೆ ಹರಡುವ ಸೈಜ್, ಫೀಲ್ಡ್ ಹೇಳುವ ಸೈಜ್, ಇಷ್ಟೂ ಒಟ್ಟಿಗೆ ಸ್ಪರ್ಧೆಯಲ್ಲಿರುತ್ತವೆ. ಗೆಲ್ಲುವುದು ಎಲ್ಲಕ್ಕಿಂತ ಸಣ್ಣದು. ಫೀಲ್ಡ್ ಮಾತ್ರ ಮಾತಾಡಬೇಕು ಅಂದರೆ ಮೆಶ್ ಸೈಜ್ ಫ್ರಮ್ ಪಾಯಿಂಟ್ಸ್, ಮೆಶ್ ಸೈಜ್ ಫ್ರಮ್ ಕರ್ವೇಚರ್, ಮೆಶ್ ಸೈಜ್ ಎಕ್ಸ್‌ಟೆಂಡ್ ಫ್ರಮ್ ಬೌಂಡರಿ ಈ ಮೂರನ್ನೂ ಸೊನ್ನೆ ಮಾಡಿ. ಬ್ಯಾಕ್‌ಗ್ರೌಂಡ್ ಫೀಲ್ಡ್ (ಮೆಶ್ ಮಾಡುವಾಗ ಬಳಸಬೇಕಾದ ಫೀಲ್ಡ್) ಯಾವುದು ಅಂತ ಹೇಳುವುದನ್ನೂ ಮರೆಯಬೇಡಿ. ಫೀಲ್ಡ್ ಹಲವು ಇದ್ದರೆ ಅವನ್ನೆಲ್ಲ ಎಲ್ಲಕ್ಕಿಂತ ಸಣ್ಣದನ್ನು ಆರಿಸುವ ಒಂದು ಮಿನ್ ಫೀಲ್ಡ್‌ಗೆ ಸೇರಿಸಿ ಅದನ್ನು ಬ್ಯಾಕ್‌ಗ್ರೌಂಡ್ ಮಾಡಬೇಕು.

ಇನ್ನೊಂದು ಚಿಕ್ಕ ವಿಷಯ. ಡಿಸ್ಟನ್ಸ್ ಫೀಲ್ಡ್ ಗೆರೆಯ ಮೇಲೆ ಕೆಲವು ಬಿಂದುಗಳನ್ನು ಇಟ್ಟು ಅವುಗಳಿಂದ ದೂರ ಅಳೆಯುತ್ತದೆ. ಗೆರೆ ಉದ್ದವಾಗಿದ್ದು ಬಿಂದು ಕಡಿಮೆ ಇದ್ದರೆ ಮೆಶ್ ಗೆರೆಯುದ್ದಕ್ಕೂ ಸಣ್ಣದಾಗದೆ ಮಣಿಸರದಂತೆ ಅಲ್ಲಲ್ಲಿ ಗುಂಪಾಗುತ್ತದೆ. ಸ್ಯಾಂಪ್ಲಿಂಗ್ ಅಂಕಿ ಏರಿಸಿದರೆ ಸರಿಹೋಗುತ್ತದೆ.

ಫೀಲ್ಡ್‌ನ ಕೊರತೆ ಅಂದರೆ ಹೆಕ್ಸ್ ಮೆಶ್. ಟ್ರಯಾಂಗಲ್, ಟೆಟ್‌ಗಳಿಗೆ (ನಾಲ್ಕು ತ್ರಿಕೋನ ಮುಖದ ಎಲಿಮೆಂಟ್) ಇದು ಹೇಳಿಮಾಡಿಸಿದ್ದು. ಸಾಲಾಗಿ ಜೋಡಿಸಿದ ಹೆಕ್ಸ್ ಬ್ಲಾಕ್‌ಗಳಲ್ಲಿ ಇದರ ಮಾತು ನಡೆಯುವುದಿಲ್ಲ, ಅಲ್ಲಿ ಸೀಡ್, ಬಯಾಸ್‌ಗಳೇ ಗತಿ.

ಇರುವ ಮೆಶ್ಶನ್ನೇ ಕತ್ತರಿಸುವುದು

ಮೆಶ್ ಆಗಲೇ ಇದೆ. ಕೆಲವು ಎಲಿಮೆಂಟ್ ಆರಿಸಿ "ಇವನ್ನು ಒಡೆ" ಅನ್ನುತ್ತೇವೆ. ಆನ್ಸಿಸ್‌ನ ರಿಫೈನ್‌ಮೆಂಟ್ ಕಂಟ್ರೋಲ್‌ನಲ್ಲಿ 1ರಿಂದ 3ರವರೆಗೆ ಅಂಕಿ ಕೊಡುವುದು, ಫೈನೈಟ್ ಎಲಿಮೆಂಟ್ ಕೋಡ್ ಬರೆಯುವ ಲೈಬ್ರರಿಗಳಾದ ಫೆನಿಕ್ಸ್‌ನಲ್ಲಿ ಎಲಿಮೆಂಟ್‌ಗಳಿಗೆ ಗುರುತು ಹಾಕಿ ರಿಫೈನ್ ಕರೆಯುವುದು, ಡೀಲ್-ಟೂನಲ್ಲಿ ಚೌಕವನ್ನು ನಾಲ್ಕು ಮಾಡುವುದು, ಎಲ್ಲ ಇದೇ. ಟ್ರಯಾಂಗಲ್ ಆದರೆ ಪಕ್ಕದ ಎಲಿಮೆಂಟನ್ನೂ ಸೀಳಿ ಹೊಂದಿಸುತ್ತಾರೆ. ಚೌಕ ಆದರೆ ಒಂದು ಬದಿಯ ನಡುವೆ ನೋಡ್ ನೇತಾಡುತ್ತದೆ. ಅದರ ಬೆಲೆಯನ್ನು ಎರಡೂ ತುದಿಯ ನೋಡ್‌ಗಳಿಂದ ಕಟ್ಟಿಹಾಕುತ್ತಾರೆ. ಸಾಮಾನ್ಯವಾಗಿ ಪಕ್ಕಪಕ್ಕದ ಎಲಿಮೆಂಟ್‌ಗಳ ನಡುವೆ ಒಂದು ಹಂತಕ್ಕಿಂತ ಜಾಸ್ತಿ ವ್ಯತ್ಯಾಸ ಬಿಡುವುದಿಲ್ಲ.

ಕ್ಲಿಕ್ ಮಾಡಿದರೆ ಆಯಿತು, ಅದಕ್ಕೇ ಜನಪ್ರಿಯ. ಆದರೆ ತೂತಿನ ವಿಷಯಕ್ಕೆ ಬಂದಾಗ ನೋಡಿ. ಮೊದಲ ಮೆಶ್ ಒರಟಾಗಿದ್ದು ತೂತು ಎಂಟು ಮೂಲೆಯ ಆಕೃತಿ ಆಗಿದೆ ಅಂತ ಇಟ್ಟುಕೊಳ್ಳಿ. ಎಲಿಮೆಂಟ್ ಒಡೆದಾಗ ಹೊಸ ನೋಡ್ ಹಳೆಯ ಬದಿಯ ನಡುವೆ ಕೂರುತ್ತದೆ. ಸಾಫ್ಟ್‌ವೇರ್ ಅದನ್ನು ನಿಜವಾದ ವೃತ್ತದ ಮೇಲಕ್ಕೆ ಸರಿಸದಿದ್ದರೆ ಎಷ್ಟು ಸಲ ಒಡೆದರೂ ತೂತು ಎಂಟು ಮೂಲೆಯದೇ. ಕೇಡು ಅಲ್ಲಿಗೆ ನಿಲ್ಲುವುದಿಲ್ಲ. ಆ ಪ್ರತಿ ಮೂಲೆಯಲ್ಲೂ ಲೋಹದ ಬದಿಯ ಕೋನ 225 ಡಿಗ್ರಿ. ಅಂದರೆ ಒಳಮುಖದ ಚೂಪು ಮೂಲೆ, ಅಲ್ಲಿ ಸ್ಟ್ರೆಸ್‌ಗೆ ಮಿತಿಯೇ ಇಲ್ಲ. ರಿಫೈನ್ ಮಾಡಿದಷ್ಟೂ ಅಂಕಿ ಏರುತ್ತಾ 3 ದಾಟಿ ಹೋಗುತ್ತದೆ. ನೀವು ವೃತ್ತದ ಉತ್ತರ ಹುಡುಕುತ್ತಿದ್ದೀರಿ, ಕಂಪ್ಯೂಟರ್ ಎಂಟು ಮೂಲೆಯದ್ದರ ಉತ್ತರವನ್ನು ಬಹಳ ಶ್ರದ್ಧೆಯಿಂದ ಹುಡುಕುತ್ತಿದೆ.

ಡೀಲ್-ಟೂನಲ್ಲಿ ಮ್ಯಾನಿಫೋಲ್ಡ್ (ಅಂಚಿನ ನಿಜವಾದ ಆಕಾರ) ಹೇಳಿದರೆ ನೋಡ್ ವೃತ್ತಕ್ಕೆ ಸರಿಯುತ್ತದೆ. ಜ್ಯಾಮಿತಿಯ ಪರಿಚಯವೇ ಇಲ್ಲದೆ ಬರೀ ಮೆಶ್ ಫೈಲ್ ಓದಿಕೊಂಡು ಹೊರಡುವ ಕೋಡ್‌ಗಳಲ್ಲಿ ಈ ಅಪಾಯ ಖಂಡಿತ. ಪರೀಕ್ಷೆ ಸುಲಭ: ರಿಫೈನ್ ಮಾಡಿದ ಮೇಲೆ ತೂತಿನ ಅಂಚಿನ ನೋಡ್‌ಗಳು ಕೇಂದ್ರದಿಂದ 5 ಮಿ.ಮೀ. ದೂರದಲ್ಲೇ ಇವೆಯೇ ನೋಡಿ.

ಅಡಾಪ್ಟಿವ್: ನಿರ್ಧಾರವನ್ನು ಉತ್ತರಕ್ಕೇ ಬಿಡುವುದು

ಒಮ್ಮೆ ಬಿಡಿಸು, ತಪ್ಪು ಎಲ್ಲಿ ಜಾಸ್ತಿ ಅಂತ ಅಂದಾಜು ಮಾಡು, ಅಲ್ಲಿ ಸಣ್ಣದು ಮಾಡು, ಮತ್ತೆ ಬಿಡಿಸು. 1987ರಲ್ಲಿ ಝಿಯೆನ್ಕೀವಿಚ್ ಮತ್ತು ಝು ಕೊಟ್ಟ ಅಂದಾಜು ಇವತ್ತಿಗೂ ಬಳಕೆಯಲ್ಲಿದೆ. ಎಲಿಮೆಂಟ್‌ನಿಂದ ಎಲಿಮೆಂಟ್‌ಗೆ ಹಾರುವ ಒರಟು ಸ್ಟ್ರೆಸ್‌ಗೂ ಅದನ್ನು ನಯಮಾಡಿದ ಸ್ಟ್ರೆಸ್‌ಗೂ ಇರುವ ವ್ಯತ್ಯಾಸವನ್ನೇ ತಪ್ಪು ಅಂತ ಎಣಿಸುವುದು. ಲೆಕ್ಕ ಅಗ್ಗ, ಫಲ ಚೆನ್ನ.

ಲಾಭ ಎಷ್ಟು ಅನ್ನುವುದಕ್ಕೆ ಎಲ್ ಆಕಾರದ ಜಾಗದ ಮೇಲಿನ ಲಾಪ್ಲಾಸ್ ಸಮೀಕರಣ ಒಳ್ಳೆಯ ಅಳತೆಗೋಲು. 2ಡಿಯಲ್ಲಿ ಲೀನಿಯರ್ ಎಲಿಮೆಂಟ್ ಹಾಕಿ ಎಲ್ಲ ಕಡೆ ಒಂದೇ ಸಮ ರಿಫೈನ್ ಮಾಡಿದರೆ, ಎನರ್ಜಿಯ ಲೆಕ್ಕದ ತಪ್ಪನ್ನು ಹತ್ತನೇ ಒಂದಕ್ಕೆ ಇಳಿಸಲು ಅಜ್ಞಾತಗಳು 1,000 ಪಟ್ಟು ಬೇಕು. ಅಡಾಪ್ಟಿವ್ ಆದರೆ 100 ಪಟ್ಟು ಸಾಕು. ಕ್ವಾಡ್ರಾಟಿಕ್ ಎಲಿಮೆಂಟ್ ಜೊತೆ ಅಡಾಪ್ಟಿವ್ ಸೇರಿದರೆ ಬರೀ 10 ಪಟ್ಟು.

ಎಷ್ಟು ಎಲಿಮೆಂಟ್ ಆರಿಸಬೇಕು ಅನ್ನುವುದೇ ಇಲ್ಲಿನ ಕಂಟ್ರೋಲ್. ಡೀಲ್-ಟೂನ ಆರನೇ ಪಾಠದಲ್ಲಿ ಪ್ರತಿ ಸುತ್ತಿಗೆ ತಪ್ಪು ಹೆಚ್ಚಿರುವ 30% ಒಡೆದು, ಕಡಿಮೆಯಿರುವ 3% ಕೂಡಿಸುತ್ತಾರೆ. 2ಡಿಯಲ್ಲಿ ಇದರಿಂದ ಮೆಶ್ ಸುತ್ತಿಗೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಇದೇ ಅಂಕಿ 3ಡಿಗೆ ಒಯ್ದರೆ ಒಂದು ಎಂಟಾಗುವುದರಿಂದ ಮೂರು ಪಟ್ಟು. ಐದು ಸುತ್ತಿಗೆ 200 ಪಟ್ಟು ದಾಟುತ್ತದೆ. ಲ್ಯಾಪ್‌ಟಾಪ್ ನಿಂತುಹೋದಾಗ ಆಶ್ಚರ್ಯಪಡಬೇಕಿಲ್ಲ. 3ಡಿಗೆ 10% ಆಸುಪಾಸಿನಿಂದ ಶುರುಮಾಡಿ.

ಇದರ ದೊಡ್ಡ ದೌರ್ಬಲ್ಯ ಚೂಪು ಮೂಲೆ. ಫಿಲೆಟ್ (ಒಳಮೂಲೆಯನ್ನು ದುಂಡಗೆ ಮಾಡುವ ತಿರುವು) ತೆಗೆದುಹಾಕಿದ ಬ್ರಾಕೆಟ್‌ನಲ್ಲಿ, ಒಂದೇ ನೋಡ್ ಮೇಲೆ ಇಟ್ಟ ಲೋಡ್‌ನಲ್ಲಿ, ಬಿಗಿಯಾಗಿ ಹಿಡಿದ ಅಂಚಿನ ತುದಿಯಲ್ಲಿ ಅಂದಾಜಿನ ತಪ್ಪು ಕಡಿಮೆಯಾಗುವುದೇ ಇಲ್ಲ. ಎಲಿಮೆಂಟ್‌ಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತವೆ. ಆನ್ಸಿಸ್‌ನ ಕನ್ವರ್ಜೆನ್ಸ್ ಟೂಲನ್ನು ಇಡೀ ಮಾಡೆಲ್‌ನ ಗರಿಷ್ಠ ಸ್ಟ್ರೆಸ್‌ಗೆ ಕಟ್ಟಿದರೆ ಆಗುವುದು ಇದೇ: ಸುತ್ತು ಮುಗಿಯುತ್ತದೆ, ಕನ್ವರ್ಜ್ ಆಗಿರುವುದಿಲ್ಲ, ಅಂದರೆ ಅಂಕಿ ಒಂದು ಕಡೆ ನಿಂತಿರುವುದಿಲ್ಲ. ನಿಮಗೆ ಬೇಕಾದ ಫಿಲೆಟ್‌ನ ಮುಖಕ್ಕೆ ಮಾತ್ರ ಅದನ್ನು ಕಟ್ಟಿ.

ಇನ್ನೂ ಎರಡು ಕಡೆ ಅಡಾಪ್ಟಿವ್ ನನಗೆ ಇಷ್ಟವಿಲ್ಲ. ಲೋಡ್ ಕೇಸ್ ಹತ್ತಿಪ್ಪತ್ತು ಇದ್ದರೆ ಒಂದಕ್ಕೆ ಹೊಂದಿದ ಮೆಶ್ ಇನ್ನೊಂದಕ್ಕೆ ಹೊಂದುವುದಿಲ್ಲ. ಪ್ಲಾಸ್ಟಿಸಿಟಿ (ಲೋಹ ಶಾಶ್ವತವಾಗಿ ಬಾಗುವುದು), ಕಾಂಟ್ಯಾಕ್ಟ್ (ಭಾಗಗಳು ಒಂದಕ್ಕೊಂದು ತಾಗುವುದು) ಇದ್ದರೆ ಹಳೆಯ ಮೆಶ್‌ನ ಇತಿಹಾಸವನ್ನು ಹೊಸದಕ್ಕೆ ಸಾಗಿಸುವಾಗ ಹೊಸ ತಪ್ಪು ಸೇರಿಕೊಳ್ಳುತ್ತದೆ. ಮತ್ತೆ, ಮೊದಲ ಮೆಶ್‌ನಲ್ಲಿ ಇಲ್ಲವೇ ಇಲ್ಲದ ಸಣ್ಣ ಫಿಲೆಟನ್ನು ಯಾವ ಅಂದಾಜೂ ಕಂಡುಹಿಡಿಯಲಾರದು.

ಸಬ್‌ಮಾಡೆಲ್, ಮತ್ತು ಬಿರುಕಿನ ತುದಿ

ಡಿಸ್‌ಪ್ಲೇಸ್‌ಮೆಂಟ್ (ಪ್ರತಿ ಬಿಂದು ಎಷ್ಟು ಸರಿಯಿತು ಅನ್ನುವುದು) ಸ್ಟ್ರೆಸ್‌ಗಿಂತ ಬೇಗ ಸರಿಹೋಗುತ್ತದೆ. ಇದನ್ನು ನಂಬಿಯೇ ಸಬ್‌ಮಾಡೆಲ್ ನಡೆಯುವುದು. ದೊಡ್ಡ ಅಸೆಂಬ್ಲಿಯನ್ನು ಒರಟು ಮೆಶ್‌ನಲ್ಲಿ ಬಿಡಿಸಿ, ಬೇಕಾದ ತುಂಡನ್ನು ಕತ್ತರಿಸಿ, ಕತ್ತರಿಸಿದ ಅಂಚಿನ ಡಿಸ್‌ಪ್ಲೇಸ್‌ಮೆಂಟನ್ನು ಕೊಟ್ಟು ಆ ತುಂಡನ್ನು ಮಾತ್ರ ಸಣ್ಣ ಮೆಶ್‌ನಲ್ಲಿ ಮತ್ತೆ ಬಿಡಿಸುವುದು. ಕತ್ತರಿ ಹಾಕಿದ ಜಾಗ ಗಲಾಟೆಯಿಂದ ದೂರವಿರಬೇಕು. ಕತ್ತರಿಸಿದ ಅಂಚಿನಲ್ಲಿ ಎರಡೂ ಮಾಡೆಲ್‌ನ ಸ್ಟ್ರೆಸ್ ಹೋಲಿಸಿ. ಹೊಂದದಿದ್ದರೆ ಇನ್ನೂ ದೂರ ಕತ್ತರಿಸಿ. ಈ ದಾರಿಗೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ. ಫಿಲೆಟ್ ಬದಲಿಸಿ ಹತ್ತು ಸಲ ನೋಡಬೇಕಿದ್ದರೆ ಇದಕ್ಕೆ ಸಾಟಿ ಇಲ್ಲ.

ಬಿರುಕಿನ ತುದಿಗೆ ಬರೀ ಸಣ್ಣ ಮೆಶ್ ಸುರಿಯಬೇಡಿ. ಕ್ವಾಡ್ರಾಟಿಕ್ ಎಲಿಮೆಂಟ್‌ನ ನಡುವಿನ ನೋಡನ್ನು ತುದಿಯ ಕಡೆಗೆ ಕಾಲುಭಾಗದ ಜಾಗಕ್ಕೆ ಸರಿಸಿದರೆ ಅಲ್ಲಿ ಬೇಕಾದ ಸ್ಟ್ರೆಸ್‌ನ ರೂಪ ತಾನೇ ಬರುತ್ತದೆ. 1975ರಲ್ಲಿ ಹೆನ್ಶೆಲ್ ಮತ್ತು ಶಾ, 1976ರಲ್ಲಿ ಬಾರ್ಸೂಮ್ ತೋರಿಸಿದ ಉಪಾಯ.

ಕ್ರ್ಯಾಶ್ ಮಾಡೆಲ್‌ಗೆ ಬೇರೆ ಲೆಕ್ಕ

ಕ್ರ್ಯಾಶ್‌ಗೆ ಬಳಸುವ, ಸಮಯದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ಸಾಗುವ ಎಕ್ಸ್‌ಪ್ಲಿಸಿಟ್ ಸಾಲ್ವರ್‌ನಲ್ಲಿ ಆ ಹೆಜ್ಜೆಯನ್ನು, ಅಂದರೆ ಟೈಮ್ ಸ್ಟೆಪ್ಪನ್ನು ನಿರ್ಧರಿಸುವುದು ಮಾಡೆಲ್‌ನ ಅತಿ ಸಣ್ಣ ಎಲಿಮೆಂಟ್. ಉಕ್ಕಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 5 ಮಿ.ಮೀ. ಎಲಿಮೆಂಟ್‌ಗೆ ಸ್ಟೆಪ್ 1 ಮೈಕ್ರೋಸೆಕೆಂಡ್. ಎಲ್ಲೋ ಒಂದು ಮೂಲೆಯಲ್ಲಿ 1 ಮಿ.ಮೀ. ಎಲಿಮೆಂಟ್ ಸೇರಿದರೆ 0.2 ಮೈಕ್ರೋಸೆಕೆಂಡ್. ಇಡೀ ಕಾರಿನ ಲೆಕ್ಕ ಐದು ಪಟ್ಟು ನಿಧಾನ. ಹಾಗಾಗಿ ಇಲ್ಲಿ ಲೋಕಲ್ ರಿಫೈನ್‌ಮೆಂಟ್ ಲೋಕಲ್ ಅಲ್ಲವೇ ಅಲ್ಲ. ಕ್ಲೈಂಟ್ ಕೊಡುವ ಗೈಡ್‌ಲೈನ್‌ನಲ್ಲಿ ಕನಿಷ್ಠ ಉದ್ದ ಅಂತ ಬರೆದಿರುತ್ತದಲ್ಲ, ಅದರ ಹಿಂದಿರುವುದು ಈ ಲೆಕ್ಕ.

ಸಾಕಾಯಿತೇ ಅಂತ ನೋಡುವುದು

1991ರ ಆಗಸ್ಟ್ 23ರಂದು ನಾರ್ವೆಯ ಸ್ಲೈಪ್ನರ್ ಎ ತೈಲ ವೇದಿಕೆಯ ಕಾಂಕ್ರೀಟ್ ತಳಭಾಗ ಸಮುದ್ರದಲ್ಲಿ ಮುಳುಗಿತು. ಗೋಡೆಗಳು ಸೇರುವ ಜಾಗದ ಫೈನೈಟ್ ಎಲಿಮೆಂಟ್ ಮಾಡೆಲ್ ಸಾಕಷ್ಟು ಚೆನ್ನಾಗಿರಲಿಲ್ಲ, ಶಿಯರ್ ಸ್ಟ್ರೆಸ್ 47% ಕಡಿಮೆ ಲೆಕ್ಕವಾಗಿತ್ತು. ಕಬ್ಬಿಣದ ಸರಳುಗಳ ಜೋಡಣೆಯಲ್ಲೂ ಕೊರತೆಯಿತ್ತು. ಮುಖ್ಯ ಜಾಗದ ಮೆಶ್ಶನ್ನು ಒಂದೇ ಸಲ ಬಿಡಿಸಿ ನಂಬಿಬಿಡಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಯಾವ ದಾರಿ ಹಿಡಿದರೂ ಮೂರು ಮೆಶ್ ಮಾಡಿ. ಫೀಲ್ಡ್ ಬಳಸಿದ್ದರೆ ಸೈಜ್ ಮಿನ್ 2, 1, 0.5 ಅಂತ ಬದಲಿಸಿದರೆ ಆಯಿತು, ಗ್ರೋತ್ ಮಾತ್ರ ಹಾಗೇ ಇರಲಿ. ಪ್ರತಿ ಸಲವೂ ಅದೇ ಜಾಗದ ಸ್ಟ್ರೆಸ್ ಬರೆದಿಡಿ. ನೋಡ್‌ಗಳಲ್ಲಿ ಸರಾಸರಿ ಮಾಡಿದ್ದನ್ನೂ ಮಾಡದ್ದನ್ನೂ ಎರಡನ್ನೂ. ಅವೆರಡರ ನಡುವಿನ ಅಂತರ ಮೂರನೇ ಮೆಶ್‌ನಲ್ಲೂ ದೊಡ್ಡದಿದ್ದರೆ ಇನ್ನೂ ಸಾಲದು ಅಂತ ಅರ್ಥ.

ನಮ್ಮ ತಟ್ಟೆಗೆ ಉತ್ತರ 3 ಅಲ್ಲ, ಸ್ವಲ್ಪ ಜಾಸ್ತಿ. ಅಗಲ 100 ಮಿ.ಮೀ. ಮಾತ್ರ ಇರುವುದರಿಂದ ಹೇವುಡ್ ಸೂತ್ರದ ಪ್ರಕಾರ 3.03. ತುದಿಯಲ್ಲಿ 10 ಮೆಗಾಪಾಸ್ಕಲ್ ಎಳೆದರೆ ತೂತಿನ ಅಂಚಿನಲ್ಲಿ 30.3 ಬರಬೇಕು. ಹೊಸ ಸಾಫ್ಟ್‌ವೇರ್ ಕೈಗೆ ಬಂದಾಗ ಅದರ ಸೈಜ್ ಕಂಟ್ರೋಲ್‌ಗಳನ್ನು ಮೊದಲು ಈ ತಟ್ಟೆಯ ಮೇಲೆ ಓಡಿಸಿ ನೋಡಿ, ಆಮೇಲೆ ಕ್ಲೈಂಟ್‌ನ ಬ್ರಾಕೆಟ್ ಮುಟ್ಟಿ.